ಸ್ಪ್ಯಾನಿಷ್ ಬಿಡಿಸಿದ ಶಾಲೆ, ಸ್ಪ್ಯಾನಿಷ್ ಕಲಿಸಿದ ಶಾಲೆ

ಟೆಕ್ಸಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಮಾರ್ಫಾ ಅಂತ ಒಂದು ಸಣ್ಣ ಊರಿದೆ. ಅಲ್ಲಿಂದ ಮೆಕ್ಸಿಕೋ ಗಡಿಗೆ ಕಾರಿನಲ್ಲಿ ಒಂದು ಗಂಟೆ. ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ 1909ರಲ್ಲಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಬ್ಲ್ಯಾಕ್‌ವೆಲ್ ಶಾಲೆ ಅಲ್ಲಿ ಇನ್ನೂ ನಿಂತಿದೆ. 1954ರಲ್ಲಿ ಆ ಶಾಲೆಯ ಮಕ್ಕಳಿಂದ ಚೀಟಿ ಬರೆಸಿದರು: ಇನ್ನು ಮುಂದೆ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡುವುದಿಲ್ಲ ಎಂದು. ಚೀಟಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿಸಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿಸಿ, ಮಕ್ಕಳೆದುರೇ ಹೂಳಿದರು. ಸತ್ತವನಿಗೆ ಹೆಸರೂ ಇತ್ತು, ‘ಮಿಸ್ಟರ್ ಸ್ಪ್ಯಾನಿಷ್’. ಆಮೇಲೂ ಬಾಯಿ ತಪ್ಪಿ ಮನೆಮಾತು ಹೊರಬಿದ್ದರೆ ಮರದ ಹಲಗೆಯ ಏಟು. ಶಾಲೆ 1965ರಲ್ಲಿ ಮುಚ್ಚಿತು. 2007ರಲ್ಲಿ ತಲೆ ನರೆತ ಹಳೆಯ ವಿದ್ಯಾರ್ಥಿಗಳು ಅದೇ ಅಂಗಳದಲ್ಲಿ ಸೇರಿ, ನೆಲದಿಂದ ಒಂದು ಸ್ಪ್ಯಾನಿಷ್ ನಿಘಂಟನ್ನು ಮೇಲೆತ್ತಿ, ಹೂತದ್ದನ್ನು ಎಬ್ಬಿಸುವ ಶಾಸ್ತ್ರ ಮಾಡಿದರು. 2022ರ ಅಕ್ಟೋಬರ್‌ನಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಚಾರಿತ್ರಿಕ ತಾಣವಾಗಿಸುವ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿತ್ತು.

ಅಮೆರಿಕದ ಪ್ರಾಥಮಿಕ ಶಾಲೆಗಳಿಗೆ ಸ್ಪ್ಯಾನಿಷ್ ಬಂದ ಕಥೆಯನ್ನು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ 1957ರಿಂದ ಶುರುಮಾಡುವುದು ವಾಡಿಕೆ. ನಾನು ಮಾರ್ಫಾದಿಂದ ಶುರುಮಾಡುತ್ತೇನೆ. ಈ ದೇಶದ ಶಾಲೆಗೆ ಸ್ಪ್ಯಾನಿಷ್ ಹೊರಗಿನಿಂದ ಬರಬೇಕಿರಲಿಲ್ಲ. ಮಕ್ಕಳ ಬಾಯಲ್ಲೇ ಅದು ಶಾಲೆಯ ಬಾಗಿಲಿಗೆ ಬಂದಿತ್ತು, ಬಾಗಿಲಲ್ಲೇ ಅದನ್ನು ಬಿಡಿಸಲಾಯಿತು.

ನಾನು ಅರಸೀಕೆರೆಯವಳು. ಈಗ ಟೆಕ್ಸಸ್‌ನ ರಾಜಧಾನಿ ಆಸ್ಟಿನ್‌ನಲ್ಲಿದ್ದೇನೆ. ನನ್ನ ಮಗಳು ಇಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅರ್ಧ ದಿನ ಇಂಗ್ಲಿಷಿನಲ್ಲೂ ಅರ್ಧ ದಿನ ಸ್ಪ್ಯಾನಿಷಿನಲ್ಲೂ ಪಾಠ ಕಲಿಯುತ್ತಾಳೆ. ಗುಣಿಸುವುದು ಸ್ಪ್ಯಾನಿಷಿನಲ್ಲಿ, ಕಥೆ ಓದುವುದು ಎರಡರಲ್ಲೂ, ಹಸಿವಾದಾಗ ಅಳುವುದು ಕನ್ನಡದಲ್ಲಿ. ಅವಳ ಪುಸ್ತಕದ ಚೀಲ ನೋಡುವಾಗಲೆಲ್ಲ ಇದೇ ರಾಜ್ಯದಲ್ಲಿ ಅದೇ ಪದಗಳಿಗೆ ಏಟು ತಿಂದ ಮಕ್ಕಳು ನೆನಪಾಗುತ್ತಾರೆ. ಹಾಗಾಗಿ ಈ ಚರಿತ್ರೆಯನ್ನು ಹುಡುಕಿಕೊಂಡು ಹೋದೆ.

1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧಕ್ಕೂ ಹೆಚ್ಚನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ನೆಲದ ಜೊತೆ ಜನರೂ ಬಂದರು, ಅವರ ಮಾತೂ ಬಂತು. ಮರುವರ್ಷವೇ ಬರೆದ ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ, ಕಾನೂನುಗಳನ್ನೆಲ್ಲ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕೆಂದಿತು. ಮೂವತ್ತು ವರ್ಷ ಕಳೆದು ಬಂದ 1879ರ ಸಂವಿಧಾನದಲ್ಲಿ ಆ ಮಾತು ಇರಲಿಲ್ಲ. 1912ರಲ್ಲಿ ರಾಜ್ಯವಾದ ನ್ಯೂ ಮೆಕ್ಸಿಕೋ ಮಾತ್ರ ಸ್ಪ್ಯಾನಿಷ್ ಬಲ್ಲ ಶಿಕ್ಷಕರನ್ನು ತಯಾರು ಮಾಡುವ ಹೊಣೆಯನ್ನು ತನ್ನ ಸಂವಿಧಾನದಲ್ಲೇ ಬರೆದಿಟ್ಟಿತು. ಟೆಕ್ಸಸ್ ಹೋದದ್ದು ಅದಕ್ಕೆ ತೀರಾ ಎದುರು ದಿಕ್ಕಿನಲ್ಲಿ. 1918ರಲ್ಲಿ, ಮೊದಲ ಮಹಾಯುದ್ಧದ ಬಿಸಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದೇ ಇಲ್ಲಿ ಅಪರಾಧವಾಯಿತು.

ಆ ಕಾನೂನಿನ ನೆರಳಲ್ಲಿ ಪಾಠ ಮಾಡಿದವರಲ್ಲಿ ಒಬ್ಬ ಯುವಕನ ಕಥೆ ಹೇಳಲೇಬೇಕು. 1928ರಲ್ಲಿ ಕಾಲೇಜಿನ ಖರ್ಚಿಗೆಂದು ದುಡಿಯಲು ದಕ್ಷಿಣ ಟೆಕ್ಸಸ್‌ನ ಕೊಟುಲ್ಲಾ ಊರಿನ ಮೆಕ್ಸಿಕನ್ ಶಾಲೆಗೆ ಬಂದ ಇಪ್ಪತ್ತರ ಹುಡುಗ ಆತ. ಮಕ್ಕಳು ಬರಿ ಹೊಟ್ಟೆಯಲ್ಲಿ ಶಾಲೆಗೆ ಬರುವುದನ್ನು ಕಂಡ. ಅವರಿಗೆ ಆಟದ ಸಾಮಾನು ತರಿಸಿಕೊಟ್ಟ, ಚರ್ಚಾಸ್ಪರ್ಧೆ ಕಲಿಸಿದ, ಅವರ ಏಳಿಗೆಗೆ ಮನಸ್ಸಿಟ್ಟು ದುಡಿದ. ಅದೇ ಮನುಷ್ಯ ಆಟದ ಬಯಲಲ್ಲೂ ಸ್ಪ್ಯಾನಿಷ್ ಆಡಬಾರದು ಎಂದು ಕಟ್ಟಳೆ ಹಾಕಿದ, ಆಡಿದವರನ್ನು ಶಿಕ್ಷಿಸಿದ. ಆತ ಲಿಂಡನ್ ಜಾನ್ಸನ್. 1965ರ ಮಾರ್ಚ್ 15ರಂದು ಅಧ್ಯಕ್ಷನಾಗಿ ಮತದಾನದ ಹಕ್ಕಿನ ಬಗ್ಗೆ ಸಂಸತ್ತಿನೆದುರು ಮಾತಾಡುವಾಗ ಕೊಟುಲ್ಲಾದ ಆ ಮಕ್ಕಳನ್ನು ನೆನೆದ. 1968ರ ಜನವರಿಯಲ್ಲಿ ದ್ವಿಭಾಷಾ ಶಿಕ್ಷಣ ಕಾನೂನಿಗೆ ಸಹಿ ಹಾಕಿದ್ದೂ ಅವನೇ. ಮಕ್ಕಳನ್ನು ಪ್ರೀತಿಸುವ ಮೇಷ್ಟರೂ ಅವರ ಮನೆಮಾತನ್ನು ಕಿತ್ತುಹಾಕಬಲ್ಲರು ಎಂಬುದು ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ. ದ್ವೇಷದಿಂದ ಆದದ್ದನ್ನು ಗುರುತಿಸುವುದು ಸುಲಭ. ಒಳ್ಳೆಯದಾಗಲಿ ಎಂದು ಮಾಡಿದ್ದನ್ನು ಗುರುತಿಸಲು ಎರಡು ತಲೆಮಾರು ಬೇಕಾಯಿತು.

ಆ ಒಳ್ಳೆಯ ಆಸೆ ಮೆಕ್ಸಿಕನ್ ಮೂಲದವರೊಳಗೂ ಇತ್ತು. 1957ರಲ್ಲಿ ಹ್ಯೂಸ್ಟನ್‌ನ ರೆಸ್ಟೋರೆಂಟ್ ಉದ್ಯಮಿ ಫೆಲಿಕ್ಸ್ ಟಿಹೆರಿನಾ ‘ನಾನೂರರ ಪುಟ್ಟ ಶಾಲೆ’ ಎಂಬ ತರಗತಿಗಳನ್ನು ಆರಂಭಿಸಿದರು. ಒಂದನೆಯ ತರಗತಿಗೆ ಹೋಗುವ ಮೊದಲು ಮಗುವಿಗೆ ನಾನೂರು ಇಂಗ್ಲಿಷ್ ಪದ ಬಂದರೆ ಅದು ನಪಾಸಾಗುವುದು ತಪ್ಪುತ್ತದೆ ಎಂಬ ಲೆಕ್ಕ. ಗಾನಾಡೊ ಎಂಬ ಊರಿನಲ್ಲಿ ಆ ಮೊದಲ ಮಕ್ಕಳಿಗೆ ಪಾಠ ಹೇಳಿದವಳು ಹದಿನೇಳರ ಹುಡುಗಿ ಇಸಬೆಲ್ ವೆರ್ವೆರ್. ಆ ಮಕ್ಕಳಿಗೆ ಆಗ ಬೇರೆ ದಾರಿ ಇರಲಿಲ್ಲ. ಅವಳ ಆ ಕೆಲಸವನ್ನು ನಾನು ತುಂಬಾ ದೊಡ್ಡದೆಂದೇ ಎಣಿಸುತ್ತೇನೆ.

ಅದೇ 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಹೆದರಿದ ಅಮೆರಿಕ ಮರುವರ್ಷ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾನೂನು ತಂದು ಗಣಿತ, ವಿಜ್ಞಾನದ ಜೊತೆ ವಿದೇಶಿ ಭಾಷೆಗಳಿಗೂ ಹಣ ಸುರಿಯಿತು. ಬಿಳಿಯರ ಬಡಾವಣೆಗಳ ಮೂರನೆಯ ತರಗತಿಯ ಮಕ್ಕಳು ಟೇಪ್‌ರೆಕಾರ್ಡರ್ ಮುಂದೆ ಕೂತು ಸ್ಪ್ಯಾನಿಷ್ ಸಂಭಾಷಣೆಗಳನ್ನು ಬಾಯಿಪಾಠ ಮಾಡಿದರು. ಒಂದೇ ರಾಜ್ಯದಲ್ಲಿ, ಒಂದೇ ವರ್ಷ, ಒಂದೇ ಭಾಷೆಗೆ ಒಂದು ಮಗುವಿಗೆ ಶಹಬ್ಬಾಸ್‌ಗಿರಿ, ಇನ್ನೊಂದಕ್ಕೆ ಶಿಕ್ಷೆ. ಆ ತರಗತಿಗಳು ಹೆಚ್ಚು ಕಾಲ ಬಾಳಲಿಲ್ಲ. ಕೆಲವೇ ನಿಮಿಷದ ಪಾಠ, ಭಾಷೆ ಬಲ್ಲ ಶಿಕ್ಷಕರ ಕೊರತೆ, ಮುಂದಿನ ತರಗತಿಯಲ್ಲಿ ಮುಂದುವರಿಕೆ ಇಲ್ಲ. 1960ರ ದಶಕ ಮುಗಿಯುವ ಹೊತ್ತಿಗೆ ಬಹುತೇಕ ಕಡೆ ಹಣವೂ ಉತ್ಸಾಹವೂ ತೀರಿತ್ತು.

ನಿಜವಾದ ಪ್ರಯೋಗ ನಡೆದದ್ದು ಫ್ಲಾರಿಡಾದ ಮಯಾಮಿಯಲ್ಲಿ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದ ಸಾವಿರಾರು ಕುಟುಂಬಗಳು ಅಲ್ಲಿ ನೆಲೆಸಿದ್ದವು. ಇಂದಲ್ಲ ನಾಳೆ ಊರಿಗೆ ಮರಳುತ್ತೇವೆ ಎಂಬ ನಂಬಿಕೆ ಅವರದು. ಹಾಗೆ ಮರಳುವಾಗ ಮಕ್ಕಳಿಗೆ ಸ್ಪ್ಯಾನಿಷ್ ಓದು ಬರಹ ಇರಬೇಕಲ್ಲ? 1963ರ ಸೆಪ್ಟೆಂಬರ್‌ನಲ್ಲಿ ಕೋರಲ್ ವೇ ಎಂಬ ಪ್ರಾಥಮಿಕ ಶಾಲೆಯಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಹೊಸ ಕ್ರಮ ಶುರುವಾಯಿತು. ತರಗತಿಯಲ್ಲಿ ಸುಮಾರು ಅರ್ಧ ಕ್ಯೂಬನ್ ಮಕ್ಕಳು, ಅರ್ಧ ಇಂಗ್ಲಿಷ್ ಮನೆಮಾತಿನವರು. ಬೆಳಗ್ಗೆ ಅವರವರ ಭಾಷೆಯಲ್ಲಿ ಪಾಠ, ಮಧ್ಯಾಹ್ನ ಅದೇ ಪಾಠ ಇನ್ನೊಂದು ಭಾಷೆಯಲ್ಲಿ, ಚಿತ್ರಕಲೆ, ಸಂಗೀತ, ಆಟ ಎಲ್ಲ ಒಟ್ಟಿಗೆ. ಕ್ಯೂಬಾದಲ್ಲಿ ಶಿಕ್ಷಕಿಯರಾಗಿದ್ದು ಇಲ್ಲಿ ಕೆಲಸವಿಲ್ಲದೆ ಕೂತಿದ್ದ ಹೆಂಗಸರು ಸಹಾಯಕಿಯರಾಗಿ ಶಾಲೆಯೊಳಗೆ ಬಂದರು. ಇನ್ನೂ ಟೆಕ್ಸಸ್‌ನ ಮಗು ಏಟು ತಿನ್ನುತ್ತಿದ್ದ ಕಾಲದಲ್ಲಿ ಮಯಾಮಿಯ ಆ ಮಗುವಿಗೆ ಅದರದೇ ಭಾಷೆಯಲ್ಲಿ ಗಣಿತ ಸಿಕ್ಕಿತು. ಕ್ಯೂಬನ್ನರಲ್ಲಿ ಓದಿದವರು, ಮಧ್ಯಮ ವರ್ಗದವರು ಬಹಳ. ಶೀತಲ ಸಮರದಲ್ಲಿ ಅಮೆರಿಕಕ್ಕೆ ಅವರು ಬೇಕಾದ ಅತಿಥಿಗಳು. ನೂರು ವರ್ಷಕ್ಕೂ ಮೊದಲಿನಿಂದ ಇಲ್ಲೇ ಇದ್ದ ಮೆಕ್ಸಿಕನ್ ಕೂಲಿಯವರ ಮಕ್ಕಳಿಗೆ ಆ ಮರ್ಯಾದೆ ಸಿಗಲಿಲ್ಲ. ಭಾಷೆ ಒಂದೇ, ಅದನ್ನು ಆಡುವವರ ಸ್ಥಾನಮಾನ ಬೇರೆ.

ಕೋರಲ್ ವೇ ಇನ್ನೊಂದು ವಿಷಯವನ್ನೂ ತೋರಿಸಿತು. ಕ್ಯೂಬನ್ ಮಕ್ಕಳು ಎರಡೂ ಭಾಷೆಯಲ್ಲಿ ಚುರುಕಾದರು. ಇಂಗ್ಲಿಷ್ ಮಕ್ಕಳ ಸ್ಪ್ಯಾನಿಷ್ ಆ ಮಟ್ಟಕ್ಕೆ ಬರಲಿಲ್ಲ. ಒಬ್ಬರಿಗೆ ಬೀದಿ, ಟೀವಿ, ಅಂಗಡಿ ಎಲ್ಲವೂ ಇಂಗ್ಲಿಷ್ ಕಲಿಸುತ್ತಿದ್ದವು. ಇನ್ನೊಬ್ಬರಿಗೆ ಸ್ಪ್ಯಾನಿಷ್ ಸಿಗುತ್ತಿದ್ದದ್ದು ಶಾಲೆಯಲ್ಲಿ ಮಾತ್ರ.

1971ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಶುರುವಾದ ಪ್ರಯೋಗದಲ್ಲೂ ಇದೇ ಕಂಡಿತು. ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಿಂದ ಇಂಗ್ಲಿಷ್ ಮಕ್ಕಳಿಗೆ ಪೂರ್ತಿ ಫ್ರೆಂಚಿನಲ್ಲೇ ಪಾಠ ನಡೆದಿತ್ತು. ಅದನ್ನು ನೋಡಿ, ಯುಸಿಎಲ್‌ಎ ವಿಶ್ವವಿದ್ಯಾಲಯದ ರಸೆಲ್ ಕ್ಯಾಂಪ್‌ಬೆಲ್ ಅವರ ಒತ್ತಾಸೆಯಿಂದ, ಇಂಗ್ಲಿಷ್ ಮಾತ್ರ ಬಲ್ಲ ಶಿಶುವಿಹಾರದ ಮಕ್ಕಳನ್ನು ಪೂರ್ತಿ ಸ್ಪ್ಯಾನಿಷ್ ತರಗತಿಯಲ್ಲಿ ಕೂರಿಸಿದರು. ಮಕ್ಕಳು ಕಲಿತರು. ಗಣಿತದಲ್ಲೂ ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಆದರೆ ಕೆಲವು ವರ್ಷ ಕಳೆದ ಮೇಲೆ ಸಂಶೋಧಕರು ಗಮನಿಸಿದ್ದು: ಟೀಚರ್ ಜೊತೆ ಸ್ಪ್ಯಾನಿಷ್, ತಮ್ಮ ತಮ್ಮಲ್ಲಿ ಇಂಗ್ಲಿಷ್. ಮೊದಲ ತರಗತಿಯ ತಪ್ಪುಗಳು ನಾಲ್ಕನೆಯ ತರಗತಿಯಲ್ಲೂ ಹಾಗೇ ಉಳಿದಿದ್ದವು. ಆಡುವಾಗ, ಜಗಳವಾಡುವಾಗ, ಗುಟ್ಟು ಹೇಳುವಾಗ ಬಳಸದ ಭಾಷೆ ಮಗುವಿನದ್ದಾಗುವುದಿಲ್ಲ.

ಟೆಕ್ಸಸ್ ಇಂಗ್ಲಿಷ್ ಒಂದನ್ನೇ ಒಪ್ಪುವ ತನ್ನ ಹಳೆಯ ಕಾನೂನನ್ನು ಬಿಟ್ಟದ್ದು 1969ರಲ್ಲಿ. ಮರುವರ್ಷ ನಮ್ಮ ಆಸ್ಟಿನ್‌ನಿಂದಲೇ ‘ಕಾರಾಸ್ಕೊಲೆಂದಾಸ್’ ಎಂಬ ಮಕ್ಕಳ ಟೀವಿ ಕಾರ್ಯಕ್ರಮ ಬಂತು. ಅದನ್ನು ರೂಪಿಸಿದವರು ಐಡಾ ಬರೇರಾ. ಅಗಾಪಿಟೊ ಎಂಬ ಸಿಂಹ ಎರಡು ಭಾಷೆಯಲ್ಲಿ ಮಾತಾಡುತ್ತಾ ಮಕ್ಕಳನ್ನು ನಗಿಸುತ್ತಿತ್ತು. ತಮ್ಮ ಮನೆಯ ಮಾತು ಪೆಟ್ಟಿಗೆಯೊಳಗಿಂದ ಕೇಳಿ ಆ ಮಕ್ಕಳಿಗೆ ಎಷ್ಟು ಧೈರ್ಯ ಬಂದಿರಬೇಡ! ಆಮೇಲೂ ದಾರಿ ನೇರವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ತರಗತಿಗಳನ್ನು ಹೆಚ್ಚುಕಡಿಮೆ ಮುಚ್ಚಿಸಿದರು, 2016ರಲ್ಲಿ ಅದೇ ಮತದಾರರು ಮತ್ತೆ ತೆರೆಸಿದರು.

ನಮ್ಮ ಮನೆಯ ಸ್ಪ್ಯಾನಿಷ್ ಅಭ್ಯಾಸ ನಡೆಯುವುದು ಪಕ್ಕದ ಮನೆಯ ಜಗಲಿಯಲ್ಲಿ. ಅಲ್ಲೊಬ್ಬರು ಅಜ್ಜಿ ಇದ್ದಾರೆ, ರಿಯೋ ಗ್ರಾಂಡೆ ಕಣಿವೆಯಲ್ಲಿ ಹುಟ್ಟಿದವರು. ಮಗಳು ಅವರನ್ನು ‘ಅಬುವೆಲಾ’ ಅನ್ನುತ್ತಾಳೆ. ಸಂಜೆ ಹೊತ್ತು ಬೀನ್ಸ್ ಕಾಳು ಆರಿಸುತ್ತಾ, ಬಟ್ಟೆ ಮಡಚುತ್ತಾ ಇಬ್ಬರೂ ಮಾತಿಗೆ ಕೂರುತ್ತಾರೆ. ಹಲ್ಲಿಗೆ ನಾಲಿಗೆ ತಾಗಿಸಿ ಆಡುವ ತ, ದ ನನ್ನ ಮಗಳಿಗೆ ಕನ್ನಡದಿಂದಲೇ ಬಂದಿದೆ, ಹಾಗಾಗಿ ಅಜ್ಜಿಗೆ ಅವಳ ಉಚ್ಚಾರ ಕೇಳಲು ಬಲು ಖುಷಿ. ವ್ಯಾಕರಣ ತಪ್ಪಿದರೆ ತಿದ್ದುವುದಿಲ್ಲ, ಸರಿಯಾದ ವಾಕ್ಯವನ್ನು ತಾವೇ ಒಮ್ಮೆ ಹೇಳಿ ಮಾತು ಮುಂದುವರಿಸುತ್ತಾರೆ. ನಾನೂ ಪಕ್ಕದಲ್ಲಿ ಕೂತು ಕಲಿಯುತ್ತೇನೆ.

ಆ ಅಜ್ಜಿ 1950ರ ದಶಕದಲ್ಲಿ ಶಾಲೆಗೆ ಹೋದವರು. ನೀರು ಕೇಳಿದ್ದಕ್ಕೆ, ಅದನ್ನು ಸ್ಪ್ಯಾನಿಷಿನಲ್ಲಿ ಕೇಳಿದ್ದಕ್ಕೆ, ಏಟು ತಿಂದವರು. “ನನ್ನ ಮಕ್ಕಳಿಗೆ ಆ ಗತಿ ಬೇಡ ಅಂತ ಮನೇಲಿ ಇಂಗ್ಲಿಷೇ ಆಡಿದೆ ಕಣಮ್ಮ” ಎಂದು ಒಂದು ಸಂಜೆ ನನಗೆ ಹೇಳಿದರು. ಅವರ ಮಕ್ಕಳಿಗೆ ಸ್ಪ್ಯಾನಿಷ್ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಮೊಮ್ಮಕ್ಕಳಿಗೆ ಅಷ್ಟೂ ಇಲ್ಲ. ಅವರ ಮೊಮ್ಮಗಳು ನನ್ನ ಮಗಳ ವಯಸ್ಸಿನವಳೇ. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದೆಂದು ಕೇಳುವ ಫಾರಂ ಇರುತ್ತದೆ. ಆ ಮಗುವಿನ ತಂದೆ ಸತ್ಯವನ್ನೇ ಬರೆದರು: ಇಂಗ್ಲಿಷ್. ಹಾಗಾಗಿ ಎರಡು ಭಾಷೆಯ ತರಗತಿಯಲ್ಲಿ ಅವಳು ಇಂಗ್ಲಿಷ್ ಮಕ್ಕಳ ಪಾಲಿನ ಸೀಟಿಗೆ ಲಾಟರಿಯಲ್ಲಿ ನಿಲ್ಲಬೇಕಾಯಿತು. ನಾನು ಕನ್ನಡ ಎಂದು ಬರೆದೆ. ನನ್ನ ಮಗಳ ಇಂಗ್ಲಿಷ್ ಪರೀಕ್ಷಿಸಿ ಅವಳನ್ನೂ ಅದೇ ಲಾಟರಿಗೆ ಸೇರಿಸಿದರು. ನಮ್ಮ ಹೆಸರು ಬಂತು. ಅವರದ್ದು ಬರಲಿಲ್ಲ.

ಅಜ್ಜಿಯ ಬಾಯಿಂದ ಒಂದು ಶಾಲೆ ಕಿತ್ತುಕೊಂಡ ಮಾತನ್ನು ಮೊಮ್ಮಗಳಿಗೆ ಮರಳಿಸಲು ಇನ್ನೊಂದು ಶಾಲೆಯಲ್ಲಿ ಜಾಗವಿಲ್ಲ. ಇದು ಅನ್ಯಾಯ, ಮತ್ತು ಇದನ್ನು ಸರಿಪಡಿಸಲು ಸಾಧ್ಯ. ಆ ಫಾರಂನಲ್ಲಿ ಅಪ್ಪ ಅಮ್ಮನ ಮಾತಿನ ಜೊತೆ ಅಜ್ಜ ಅಜ್ಜಿಯ ಮಾತನ್ನೂ ಕೇಳಿದರೆ, ಭಾಷೆ ಕಳೆದುಕೊಂಡ ಮನೆಗಳಿಗೆಂದು ಕೆಲವು ಸೀಟು ಮೀಸಲಿಟ್ಟರೆ, ಅರ್ಧ ಕೆಲಸ ಆದಂತೆ. ಈ ತರಗತಿಗಳ ಹೆಸರು ಹರಡಿದಂತೆ ನಮ್ಮಂಥ ಓದಿದ, ಅನುಕೂಲವಂತ ಪೋಷಕರ ಅರ್ಜಿಗಳೇ ಹೆಚ್ಚುತ್ತಿವೆ. ಬಡ ಸ್ಪ್ಯಾನಿಷ್ ಕುಟುಂಬಗಳು ಬಾಡಿಗೆ ಏರಿ ಆ ಬಡಾವಣೆಗಳನ್ನೇ ಬಿಟ್ಟು ಹೋಗುತ್ತಿವೆ. ಆ ಮಕ್ಕಳಿಲ್ಲದೆ ತರಗತಿ ಕಲ್ವರ್ ಸಿಟಿಯ ಹಾದಿಯನ್ನೇ ಹಿಡಿಯುತ್ತದೆ.

ಮನೆಯಲ್ಲಿ ಕನ್ನಡ ಬೇಡ, ಮಗುವಿಗೆ ಮೂರು ಭಾಷೆ ಭಾರ ಎಂದು ನನಗೆ ಹೇಳಿದವರಿದ್ದಾರೆ, ನಮ್ಮವರೇ. ಅವರಿಗೆ ನಾನು ಪಕ್ಕದ ಮನೆ ಅಜ್ಜಿಯ ಮಾತನ್ನೇ ಹೇಳುತ್ತೇನೆ. ಆಕೆ ಮಕ್ಕಳೊಡನೆ ಸ್ಪ್ಯಾನಿಷ್ ಬಿಟ್ಟದ್ದು ಏಟಿನ ಭಯದಿಂದ. ನಮಗೆ ಯಾರೂ ಹೊಡೆಯುತ್ತಿಲ್ಲ. ಮನೆಯಲ್ಲಿ ನೀವು ಚೆನ್ನಾಗಿ ಆಡುವ ಭಾಷೆಯಲ್ಲೇ ಮಗುವಿಗೆ ಓದಿ ಹೇಳಿ ಎಂದು ಮಗಳ ಟೀಚರೇ ಹೇಳುತ್ತಾರೆ. ಹಾಗಾಗಿ ರಾತ್ರಿ ಮಲಗುವಾಗಿನ ಕಥೆ ನಮ್ಮಲ್ಲಿ ಕನ್ನಡದ್ದು, ಭಾನುವಾರ ಕನ್ನಡ ಅಕ್ಷರಗಳ ತರಗತಿ.

ಅಮೆರಿಕದಲ್ಲಿ ಇಂದು 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಇಲ್ಲಿರುವ ಕನ್ನಡದ ತಾಯಿ ತಂದೆಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಈ ತರಗತಿಗಳಿಗೆ ಖಂಡಿತ ಸೇರಿಸಿ. ಸೇರಿಸಿದ ಮೇಲೆ ಶಾಲೆಯ ಪೋಷಕರ ಸಭೆಗೆ ಹೋಗಿ, ಸ್ಪ್ಯಾನಿಷ್ ಮನೆಗಳ ಮಕ್ಕಳಿಗೆ, ಸ್ಪ್ಯಾನಿಷ್ ಕಳೆದುಕೊಂಡ ಮನೆಗಳ ಮಕ್ಕಳಿಗೆ ಎಷ್ಟು ಸೀಟು ಇಟ್ಟಿದ್ದೀರಿ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.