ಬಟನ್‌ಗೆ ಭಾಷೆ ಇರಲಿಲ್ಲ

ಮಾಜಿವಾಡಾದ ಫ್ಲ್ಯಾಟಿನಲ್ಲಿ ನನ್ನ ದೊಡ್ಡಮ್ಮ ಒಬ್ಬರೇ ಇದ್ದಾರೆ. ಮಗ ಟಿವಿ ಪಕ್ಕದಲ್ಲಿ ಮಾತು ಕೇಳುವ ಸ್ಪೀಕರ್ ಒಂದನ್ನು ಇಟ್ಟುಹೋಗಿದ್ದಾನೆ. ಅದು ಮಾತ್ರೆಯ ಹೊತ್ತು ನೆನಪಿಸುತ್ತದೆ. ಹೇಳಿದರೆ ಅವನಿಗೆ ಫೋನ್ ಹಚ್ಚುತ್ತದೆ.

ಇಂಥ ನೆರವಿಗೆ ಅರ್ಧ ಶತಮಾನದ ಚರಿತ್ರೆಯಿದೆ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಡಿಬ್ನರ್, ಪತ್ನಿ ಸೂಸನ್ ಜೊತೆ 'ಲೈಫ್‌ಲೈನ್' ಕಟ್ಟಿದರು. ಒಂಟಿ ವೃದ್ಧರು ಬಿದ್ದರೆ ಬಟನ್ ಒತ್ತಿದರಾಯಿತು, ಮನೆಯ ಟೆಲಿಫೋನೇ ನೆರವಿಗೆ ಕರೆ ಮಾಡುತ್ತಿತ್ತು. 2014ರಲ್ಲಿ ಅಮೆಜಾನ್ ಎಕೊ ಬಂತು. ಬಟನ್ ಜಾಗಕ್ಕೆ ಮಾತು ಬಂತು. 2017ರಲ್ಲಿ ಅದು ಭಾರತಕ್ಕೆ ಬಂದಾಗ ಇಂಗ್ಲಿಷ್ ಬೇಕಿತ್ತು. 2019ರಲ್ಲಿ ಹಿಂದಿಯನ್ನೂ ಕಲಿತಿತು.

ಬಟನ್‌ಗೆ ಭಾಷೆ ಇರಲಿಲ್ಲ. ಮಾತಿಗೆ ಇದೆ. ದೊಡ್ಡಮ್ಮನ ಸ್ಪೀಕರ್ ಬೇರೆ ಕಂಪನಿಯದು; ಅದರ ಜೊತೆಗೂ ಹಿಂದಿಯಲ್ಲೇ ವ್ಯವಹಾರ. ನಲವತ್ತು ವರ್ಷ ಠಾಣೆಯಲ್ಲಿದ್ದವರಿಗೆ ಅದೇನೂ ಕಷ್ಟವಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿದಾಗ ಬಾಯಿಂದ ಬಂದದ್ದು, "ಅಯ್ಯೋ ದೇವರೇ, ಬಿದ್ದೆ!" ಸ್ಪೀಕರ್ ಸುಮ್ಮನಿತ್ತು. ಪುಣ್ಯಕ್ಕೆ ಬಾಗಿಲು ತೆರೆದಿತ್ತು. ಓಡಿಬಂದವರು ಪಕ್ಕದ ಮನೆಯ ಮರಾಠಿ ಹೆಂಗಸು. ಅವರಿಗೂ ಕನ್ನಡ ಬಾರದು, ಆದರೆ ದನಿ ಅರ್ಥವಾಗಿತ್ತು.

ಈಗ ಮನೆಯ ಇನ್ನೊಂದು ಕೀಲಿಕೈ ಅವರ ಹತ್ತಿರವಿದೆ. ಸ್ಪೀಕರ್‌ಗೆ ಮಾತ್ರೆಯ ಕೆಲಸ ಮಾತ್ರ.