ಯತೀಮನ ಹೊಲ, ತಾಯಿಯ ಹೆಬ್ಬೆಟ್ಟು

ಕೆಲವು ತಿಂಗಳ ಹಿಂದೆ ಜುಮಾ ನಮಾಜ್ ಮುಗಿದ ಮೇಲೆ ಜೇವರ್ಗಿ ಕಡೆಯ ಹಿರಿಯರೊಬ್ಬರು ಬಾಂಡ್ ಪೇಪರ್ ಹಿಡಿದು ನನ್ನ ಬಳಿ ಬಂದರು. ಅವರ ತಮ್ಮ ತೀರಿಕೊಂಡಿದ್ದ. ಹಿಂದೆ ಉಳಿದವರು ಹೆಂಡತಿ, ಹದಿನಾರು ವರ್ಷದ ಮಗ, ಅವನಿಗಿಂತ ಸಣ್ಣ ಮಗಳು. ಆಸ್ತಿ ಎಂದರೆ ನಾಲ್ಕು ಎಕರೆ ತೊಗರಿ ಹೊಲ. "ಹಜರತ್, ಸಾಲ ಭಾಳ ಆಗ್ಯಾದ. ಹುಡುಗಂದು ಸಹಿ, ಅವರವ್ವಂದು ಹೆಬ್ಬೆಟ್ಟು ಹಾಕಿಸಿ ಹೊಲ ಮಾರಿದ್ರ ನಡೀತದಾ? ಎಲ್ಲಾರೂ ಒಪ್ಯಾರ" ಎಂದರು.

ಎಲ್ಲರೂ ಒಪ್ಪಿದ್ದಾರೆ, ನಿಜ. ಆದರೆ ಒಪ್ಪಿಗೆಯೊಂದೇ ಸಾಲುತ್ತದೆಯೇ? ಒಪ್ಪಿದವನಿಗೆ ಒಪ್ಪುವ ಅರ್ಹತೆ ಇರಬೇಕು, ಒಪ್ಪಿದ ಕೆಲಸವೂ ಸಮ್ಮತವಾದದ್ದಾಗಿರಬೇಕು. ಈ ಎರಡು ಮಾತುಗಳ ಹಿಂದೆ ದೊಡ್ಡ ಇತಿಹಾಸವಿದೆ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಯತೀಮರನ್ನು ಪರೀಕ್ಷಿಸುತ್ತಿರಿ ಎಂದು ಆದೇಶಿಸುತ್ತದೆ. ಅವರು ಪ್ರಾಯಕ್ಕೆ ಬಂದು, ವ್ಯವಹಾರದ ತಿಳಿವಳಿಕೆಯೂ ಕಂಡುಬಂದ ಮೇಲೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು. ಗಮನಿಸಿ, ಅಲ್ಲಿ ವಯಸ್ಸಿನ ಜೊತೆಗೆ 'ರುಶ್ದ್', ಅಂದರೆ ವಿವೇಕವನ್ನೂ ಕೇಳಲಾಗಿದೆ. ಅಲ್‌ಬಕರಾ ಅಧ್ಯಾಯದಲ್ಲಿ ಸಾಲದ ಬರಹದ ಕುರಿತ ದೀರ್ಘ ಆಯತ್ ಇದೆ. ಸಾಲಗಾರನು ಅವಿವೇಕಿಯೋ ದುರ್ಬಲನೋ ಹೇಳಿ ಬರೆಸಲು ಆಗದವನೋ ಆಗಿದ್ದರೆ, ಅವನ ಪರವಾಗಿ ವಲಿಯು ನ್ಯಾಯದಿಂದ ಬರೆಸಬೇಕು ಎಂದು ಅದು ತಿಳಿಸುತ್ತದೆ.

ಈ ಅಡಿಪಾಯದ ಮೇಲೆ ನಮ್ಮ ಫುಕಹಾಗಳು 'ಹಜ್ರ್' ಎಂಬ ಪ್ರಕರಣವನ್ನು ಬೆಳೆಸಿದರು. ಹನಫೀ ಫಿಕ್ಹಿನಲ್ಲಿ ತಿಳಿವಳಿಕೆ ಮೂಡಿದ ಮಗುವಿನ ವ್ಯವಹಾರ ಮೂರು ಬಗೆಯದು. ಉಡುಗೊರೆ ಪಡೆಯುವಂತೆ ಬರೀ ಲಾಭದ್ದಾದರೆ ಸಿಂಧು. ದಾನ ಕೊಟ್ಟುಬಿಡುವಂತೆ ಬರೀ ನಷ್ಟದ್ದಾದರೆ ಅಸಿಂಧು. ಲಾಭ ನಷ್ಟ ಎರಡೂ ಇರುವ ಕೊಡುಕೊಳ್ಳುವಿಕೆ ವಲಿಯ ಒಪ್ಪಿಗೆಯ ಮೇಲೆ ನಿಲ್ಲುತ್ತದೆ. ಪ್ರಾಯಕ್ಕೆ ಬಂದೂ ದುಂದು ಮಾಡುವವನನ್ನು ತಡೆಯಬಹುದೇ ಎಂಬಲ್ಲಿ ಇಮಾಮರಲ್ಲೇ ಭಿನ್ನಾಭಿಪ್ರಾಯವಿತ್ತು. ತಡೆಯಬಹುದು ಎಂದರು ಅಬೂ ಯೂಸುಫ್ ಮತ್ತು ಮುಹಮ್ಮದ್. ಅವರ ಗುರು ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ. ವಿವೇಕ ಕಾಣದವನ ಸೊತ್ತನ್ನು 25 ವರ್ಷದವರೆಗೆ ತಡೆಹಿಡಿಯಬಹುದು, ಆದರೆ ಅವನ ಮಾತಿನ ಅಧಿಕಾರವನ್ನು ಕಸಿಯಬಾರದು ಎಂಬುದು ಅವರ ನಿಲುವು.

ಬ್ರಿಟಿಷರ ಕಾಲದಲ್ಲಿ ಈ ವಿಷಯ ಶಾಸನದ ಪುಸ್ತಕ ಸೇರಿತು. 1872ರ ಕರಾರು ಕಾಯ್ದೆ ಪ್ರಾಯಕ್ಕೆ ಬಂದವನು, ಸ್ವಸ್ಥ ಬುದ್ಧಿಯವನು, ಕಾನೂನಿನ ತಡೆ ಇಲ್ಲದವನು ಮಾತ್ರ ಕರಾರಿಗೆ ಅರ್ಹ ಎಂದಿತು. 1875ರ ಕಾಯ್ದೆ ಆ ಪ್ರಾಯವನ್ನು 18 ಎಂದು ಗೊತ್ತುಮಾಡಿತು. ನಿಕಾಹ್, ಮಹರ್, ತಲಾಕ್‌ಗಳನ್ನು ಆ ಕಾಯ್ದೆ ಮುಟ್ಟಲಿಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ಕಲಕತ್ತೆಯ ಧರ್ಮದಾಸ್ ಘೋಷ್ ಪ್ರಕರಣ ಬಂತು. ಅಪ್ರಾಪ್ತನಾಗಿದ್ದಾಗ ಅವನು 20,000 ರೂಪಾಯಿಗೆ ಅಡಮಾನ ಪತ್ರ ಬರೆದುಕೊಟ್ಟಿದ್ದ. ಅಪ್ರಾಪ್ತನ ಕರಾರು ಮೊದಲಿನಿಂದಲೇ ಶೂನ್ಯ ಎಂದು ತೀರ್ಪಾಯಿತು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು 1918ರ ಇಮಾಂಬಾಂದಿ ಪ್ರಕರಣ. ಗಂಡ ತೀರಿದ ಮುಸ್ಲಿಮ್ ಮಹಿಳೆಯೊಬ್ಬರು ತಮ್ಮ ಪಾಲಿನ ಜೊತೆಗೆ ಚಿಕ್ಕ ಮಕ್ಕಳ ಪಾಲನ್ನೂ ಮಾರಿದ್ದರು. ತೀರ್ಪು ಬರೆದವರು ನ್ಯಾಯಮೂರ್ತಿ ಸಯ್ಯದ್ ಅಮೀರ್ ಅಲಿ. ತಾಯಿಗೆ ಮಕ್ಕಳನ್ನು ಸಾಕುವ ಹಕ್ಕಿದೆ, ಆದರೆ ಅವರ ಸ್ಥಿರಾಸ್ತಿ ಮಾರುವ ಅಧಿಕಾರ ಇಲ್ಲ ಎಂದು ಅವರು ಫಿಕ್ಹಿನ ಆಧಾರದಲ್ಲೇ ಹೇಳಿದರು. ಆ ಅಧಿಕಾರ ತಂದೆಗೆ, ತಂದೆ ನೇಮಿಸಿದ ವಸೀಗೆ, ತಂದೆಯ ತಂದೆಗೆ, ಆತ ನೇಮಿಸಿದ ವಸೀಗೆ. ಅವರಾರೂ ಇಲ್ಲದಿದ್ದರೆ ಕಾಜಿಗೆ, ಅಂದರೆ ಇಂದು ನ್ಯಾಯಾಲಯಕ್ಕೆ. ಈ ಪಟ್ಟಿಯಲ್ಲಿ ದೊಡ್ಡಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ.

ಆಗ ಆಳಂದ, ಅಫಜಲಪುರ, ಜೇವರ್ಗಿ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಸಂಸ್ಥಾನಕ್ಕೆ ತನ್ನದೇ ಕಾನೂನು, ತನ್ನದೇ ನ್ಯಾಯಾಲಯಗಳಿದ್ದವು. ಕಚೇರಿಯ ಭಾಷೆ ಉರ್ದು, ಹೊಲದಲ್ಲಿ ದುಡಿಯುವ ಬಹುಪಾಲು ಜನರ ಮಾತು ಕನ್ನಡ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಬಂತು. 1951ರ ಏಪ್ರಿಲ್ 1ರಿಂದ ಭಾರತದ ಕರಾರು ಕಾಯ್ದೆ ಇಲ್ಲಿಗೂ ಅನ್ವಯವಾಯಿತು.

ಸಹಿ ಮಾಡುವವನು ಯಾರು ಎಂಬುದು ಒಂದು ಪ್ರಶ್ನೆ. ಯಾತಕ್ಕೆ ಸಹಿ ಎಂಬುದು ಇನ್ನೊಂದು. ಹೈದರಾಬಾದ್ ಸೀಮೆಯಲ್ಲಿ 'ಭಗೇಲಾ' ಎಂಬ ಜೀತ ಪದ್ಧತಿ ಇತ್ತು. ಪಡೆದ ಸಾಲಕ್ಕೆ ಬಡವ ತನ್ನ ದುಡಿಮೆಯನ್ನೇ ಬರೆದುಕೊಡುತ್ತಿದ್ದ. ನಿಜಾಮ್ ಸರ್ಕಾರವೇ ತನ್ನ ಕೊನೆಯ ವರ್ಷಗಳಲ್ಲಿ ಅಂಥ ಕರಾರುಗಳಿಗೆ ಕಡಿವಾಣ ಹಾಕುವ ಕಾನೂನು ತಂದಿತು. 1976ರ ಜೀತ ನಿರ್ಮೂಲನ ಕಾಯ್ದೆ ಜೀತ, ಭಗೇಲಾ ಎರಡನ್ನೂ ಹೆಸರಿಸಿ ರದ್ದುಮಾಡಿತು. ಬಡವ ಒಪ್ಪಿಯೇ ಹೆಬ್ಬೆಟ್ಟು ಒತ್ತಿದ್ದರೂ ಆ ಕಾಗದಕ್ಕೆ ಬೆಲೆ ಇಲ್ಲ.

ಇಲ್ಲಿ ನನಗೆ ಹಜ್ರತ್ ಬರೀರಾ(ರ) ನೆನಪಾಗುತ್ತಾರೆ. ದಾಸಿಯಾಗಿದ್ದ ಅವರನ್ನು ಬಿಡುಗಡೆ ಮಾಡಲೆಂದು ಹಜ್ರತ್ ಆಯಿಶಾ(ರ) ಖರೀದಿಸಲು ಮುಂದಾದಾಗ, ಬಿಡುಗಡೆಯ ನಂತರವೂ ವಾರಸುದಾರಿಕೆಯ ಹಕ್ಕು ತಮಗೇ ಇರಬೇಕೆಂದು ಮಾಲೀಕರು ಷರತ್ತು ಹಾಕಿದರು. ಪ್ರವಾದಿ(ಸ) ಜನರೆದುರು ನಿಂತು, ಅಲ್ಲಾಹನ ಗ್ರಂಥಕ್ಕೆ ಸಲ್ಲದ ಷರತ್ತು ನೂರು ಬಾರಿ ಹಾಕಿದರೂ ಅಸಿಂಧು ಎಂದು ಸಾರಿದರು.

ಆ ಹಿರಿಯರಿಗೆ ನಾನು ಇಷ್ಟು ಹೇಳಿದೆ: "ಭಾಯಿಸಾಬ್, ತಮ್ಮನ ಸಾಲ ತೀರಿಸಲೇಬೇಕು, ಅದು ಆಸ್ತಿಯ ಮೇಲಿನ ಮೊದಲ ಹೊಣೆ. ಅವರವ್ವ ತನ್ನ ಪಾಲು ಮಾರಿಕೊಳ್ಳಬಹುದು. ಮಕ್ಕಳ ಪಾಲು ಮುಟ್ಟಬೇಕಾದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. 1890ರ ಪಾಲಕರ ಕಾಯ್ದೆಯಂತೆ ನ್ಯಾಯಾಲಯ ಪಾಲಕರನ್ನು ನೇಮಿಸುತ್ತದೆ. ಆ ಪಾಲಕರೂ ಅನುಮತಿ ಇಲ್ಲದೆ ಹೊಲ ಮಾರುವಂತಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದ ಮಡಚಿ ಜೇಬಿಗಿಟ್ಟರು. "ವಕೀಲರ ಹತ್ರ ಹೋಗಿ ಬರ್ತೀನಿ" ಎಂದು ಹೊರಟರು.

ಸಹೋದರ ಸಹೋದರಿಯರೇ, ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂದು ಕುರ್‌ಆನ್ ಎಚ್ಚರಿಸಿದೆ. ನಿಮ್ಮ ಮನೆಯಲ್ಲಿ ಅಂಥ ಕಾಗದ ಬಂದರೆ, ಹೆಬ್ಬೆಟ್ಟು ಒತ್ತಿಸುವ ಮೊದಲು ಅದನ್ನು ತಾಯಿಗೆ ಅವಳ ಮಾತಿನಲ್ಲಿ ಓದಿ ಹೇಳಿ. ಆ ಹೊಲದಲ್ಲಿ ಮಕ್ಕಳ ಪಾಲೆಷ್ಟು ಎಂದು ಕೇಳಿ. ಅಲ್ಲಾಹನು ನಮ್ಮೆಲ್ಲರಿಗೂ ಅಮಾನತ್ತನ್ನು ಕಾಯುವ ಶಕ್ತಿ ಕೊಡಲಿ. ಆಮೀನ್.