ರೋಗಾಣುವಿನ ಮೂಲ ಪತ್ತೆಗೆ ವಂಶವಾಹಿ ಸಾಕ್ಷ್ಯ

ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ ರೋಗಿಯ ಮಲಪರೀಕ್ಷೆಯಲ್ಲಿ ‘ವಿಬ್ರಿಯೊ ಕಾಲರೆ’ ಬ್ಯಾಕ್ಟೀರಿಯಾ ಕಂಡುಬಂದರೆ ಕಾಯಿಲೆ ಕಾಲರಾ ಎಂಬುದು ಖಚಿತವಾಗುತ್ತದೆ. ಚಿಕಿತ್ಸೆಗೆ ಅಷ್ಟು ಮಾಹಿತಿ ಸಾಕು. ಆದರೆ ರೋಗಾಣು ಎಲ್ಲಿಂದ ಬಂತು, ಎಲ್ಲ ರೋಗಿಗಳಿಗೂ ಒಂದೇ ಮೂಲದಿಂದ ತಗುಲಿತೇ ಎಂಬುದನ್ನು ತಿಳಿಯಲು ಪ್ರಭೇದದ ಹೆಸರು ಸಾಲದು. ಒಂದೇ ಪ್ರಭೇದದಲ್ಲಿ ಅನೇಕ ತಳಿಗಳಿರುತ್ತವೆ. ಈ ತಳಿಗಳನ್ನು ಪ್ರತ್ಯೇಕಿಸಿ ಗುರುತಿಸುವ ವಿಧಾನವೇ ತಳಿ ನಿರ್ಣಯ.

ಮೂರು ಪ್ರಮುಖ ವಿಧಾನಗಳು

ಮೊದಲನೆಯದು 1984ರಲ್ಲಿ ರೂಪುಗೊಂಡ ಪಲ್ಸ್ಡ್ ಫೀಲ್ಡ್ ಜೆಲ್ ಎಲೆಕ್ಟ್ರೊಫೊರೆಸಿಸ್. ಇದರಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕಿಣ್ವದಿಂದ ನಿರ್ದಿಷ್ಟ ಸ್ಥಳಗಳಲ್ಲಿ ಕತ್ತರಿಸಿ, ತುಂಡುಗಳನ್ನು ವಿದ್ಯುತ್ ಕ್ಷೇತ್ರದ ನೆರವಿನಿಂದ ಜೆಲ್‌ನಲ್ಲಿ ಬೇರ್ಪಡಿಸಲಾಗುತ್ತದೆ. ಮೂಡುವ ಪಟ್ಟಿಗಳ ವಿನ್ಯಾಸವೇ ಆ ತಳಿಯ ಬೆರಳಚ್ಚು. ಆಹಾರದಿಂದ ಹರಡುವ ರೋಗಗಳ ಪತ್ತೆಗೆ ಅಮೆರಿಕ 1996ರಲ್ಲಿ ಆರಂಭಿಸಿದ ‘ಪಲ್ಸ್‌ನೆಟ್’ ಪ್ರಯೋಗಾಲಯ ಜಾಲಕ್ಕೆ ಇದೇ ಆಧಾರವಾಗಿತ್ತು.

ಎರಡನೆಯದು 1998ರಲ್ಲಿ ಬಂದ ಮಲ್ಟಿಲೋಕಸ್ ಸೀಕ್ವೆನ್ಸ್ ಟೈಪಿಂಗ್. ಬ್ಯಾಕ್ಟೀರಿಯಾದ ಬದುಕಿಗೆ ಅತ್ಯಗತ್ಯವಾದ, ಸಾಮಾನ್ಯವಾಗಿ ಏಳು ವಂಶವಾಹಿಗಳ ತುಣುಕುಗಳನ್ನು ಇದರಲ್ಲಿ ಓದಲಾಗುತ್ತದೆ. ಫಲಿತಾಂಶ ಅಂಕಿಗಳಲ್ಲಿ ದೊರೆಯುವುದರಿಂದ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಸುಲಭವಾಗಿ ಹೋಲಿಸಿ ನೋಡಬಹುದು.

ಮೂರನೆಯದು ಇಡೀ ಜೀನೋಮ್‌ನ ಓದು. ಮೊದಲೆರಡು ವಿಧಾನಗಳಲ್ಲಿ ಒಂದೇ ಎಂದು ತೋರುವ ತಳಿಗಳ ನಡುವಿನ ಒಂದೊಂದು ಅಕ್ಷರದ ವ್ಯತ್ಯಾಸವನ್ನೂ ಇದು ತೋರಿಸುತ್ತದೆ. ಪಲ್ಸ್‌ನೆಟ್ ಕೂಡ 2019ರಲ್ಲಿ ಈ ವಿಧಾನಕ್ಕೆ ಬದಲಾಯಿತು.

ಹೈಟಿ ನೀಡಿದ ಪಾಠ

ತಳಿ ನಿರ್ಣಯ ಎಷ್ಟು ದೂರಗಾಮಿ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಕೆರಿಬಿಯನ್ ರಾಷ್ಟ್ರ ಹೈಟಿ ಉತ್ತಮ ನಿದರ್ಶನ. 2010ರ ಜನವರಿಯ ಭೂಕಂಪದಿಂದ ತತ್ತರಿಸಿದ್ದ ಆ ದೇಶದಲ್ಲಿ ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಮಂದಿ ರೋಗಕ್ಕೆ ತುತ್ತಾದರು; ಸುಮಾರು 10 ಸಾವಿರ ಜನ ಪ್ರಾಣ ಕಳೆದುಕೊಂಡರು.

ರೋಗಾಣು ಕರಾವಳಿಯ ನೀರಿನಲ್ಲೇ ಇದ್ದು ಉಲ್ಬಣಿಸಿತು ಎಂಬುದು ಕೆಲವು ವಿಜ್ಞಾನಿಗಳ ವಾದವಾಗಿತ್ತು. ಮಿರೆಬಲೇ ಪಟ್ಟಣದ ಬಳಿ ಬೀಡುಬಿಟ್ಟಿದ್ದ ವಿಶ್ವಸಂಸ್ಥೆಯ ನೇಪಾಳಿ ಶಾಂತಿಪಾಲನಾ ಪಡೆಯ ಶಿಬಿರದ ಕೊಳಚೆ, ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿತೆಂಬುದು ಸ್ಥಳೀಯರ ಆರೋಪ. 2011ರಲ್ಲಿ ವಿಜ್ಞಾನಿಗಳು ನೇಪಾಳದಲ್ಲಿ 2010ರಲ್ಲಿ ಸಂಗ್ರಹಿಸಿದ್ದ 24 ಮಾದರಿಗಳ ಜೀನೋಮ್ ಓದಿ ಹೈಟಿಯ ಮಾದರಿಗಳೊಂದಿಗೆ ಹೋಲಿಸಿದರು. ಸುಮಾರು 40 ಲಕ್ಷ ಅಕ್ಷರಗಳ ಜೀನೋಮ್‌ನಲ್ಲಿ ನೇಪಾಳದ ಮೂರು ಮಾದರಿಗಳಿಗೂ ಹೈಟಿಯ ಮಾದರಿಗಳಿಗೂ ಇದ್ದ ವ್ಯತ್ಯಾಸ ಒಂದೆರಡು ಅಕ್ಷರ ಮಾತ್ರ! ಈ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ವರ್ಷಕ್ಕೆ ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಬದಲಾವಣೆಗಳಾಗುತ್ತವೆ. ಅಂದರೆ ಅವು ಕವಲೊಡೆದು ಹೆಚ್ಚು ಕಾಲವಾಗಿರಲಿಲ್ಲ.

2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಅಂದಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿ ಜನತೆಯ ಕ್ಷಮೆ ಯಾಚಿಸಿದರು.

ಮಿತಿಗಳೂ ಇವೆ

ವಂಶವಾಹಿಗಳು ತಳಿಗಳ ನಡುವಿನ ನಂಟನ್ನು ಹೇಳುತ್ತವೆಯೇ ಹೊರತು ರೋಗಾಣು ಸಾಗಿದ ದಾರಿಯನ್ನಲ್ಲ. ಮೊದಲ ರೋಗಿಗಳು ಯಾರು, ಅವರು ಯಾವ ನೀರು ಕುಡಿದರು ಎಂಬ ಕ್ಷೇತ್ರ ತನಿಖೆ ಇಲ್ಲದಿದ್ದರೆ ಹೈಟಿಯ ಸಾಕ್ಷ್ಯ ಪೂರ್ಣವಾಗುತ್ತಿರಲಿಲ್ಲ. ನೇಪಾಳದ ಮಾದರಿಗಳನ್ನು ಕಾಪಿಡದಿದ್ದಲ್ಲಿ ಹೋಲಿಕೆಯೇ ಸಾಧ್ಯವಿರಲಿಲ್ಲ. ತ್ವರಿತ ಪರೀಕ್ಷೆಯಲ್ಲಿ ರೋಗ ಖಚಿತವಾಯಿತೆಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ಸಂಗ್ರಹಿಸುವುದನ್ನು ಕೈಬಿಟ್ಟರೆ ಮುಂದಿನ ತನಿಖೆಗೆ ಆಧಾರವೇ ಉಳಿಯುವುದಿಲ್ಲ.

ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದೂ ಖಚಿತ ಪ್ರಕರಣವಿಲ್ಲದ ಹೈಟಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಕಾಲರಾ ಮರುಕಳಿಸಿತು. ರೋಗಾಣು ಹೊರಗಿನಿಂದ ಹೊಸದಾಗಿ ಬಂದಿತೇ ಎಂಬ ಪ್ರಶ್ನೆಗೆ ಉತ್ತರ ನೀಡಿದ್ದೂ ಜೀನೋಮ್ ಪರೀಕ್ಷೆಯೇ: ಅದು 2010ರ ತಳಿಯ ಸಂತತಿಯೇ ಆಗಿತ್ತು.